ಟೈಲರ್ ತಾರೀಕು: ಸುಳ್ಳು ಹೇಳದೆ ಅಂಗಡಿ ನಡೆಸಿದ ನನ್ನ ಅನುಭವ

"ನಾಳೆ ಬನ್ನಿ ಅಮ್ಮ, ಹುಕ್ಕು ಒಂದು ಬಾಕಿ." ಈ ಮಾತು ಹೇಳದ ಟೈಲರ್ ಬೆಂಗಳೂರಲ್ಲಿ ಇದ್ದರೆ ತೋರಿಸಿ. ಹುಕ್ಕು ಬಾಕಿ ಅಂದರೆ ಬಟ್ಟೆ ಇನ್ನೂ ಕತ್ತರಿಗೇ ಬಿದ್ದಿಲ್ಲ ಅಂತ ಅರ್ಥ. ಲಿಂಗರಾಜಪುರದಲ್ಲಿ ಹದಿನೇಳು ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ಬಹುಪಾಲು ವರ್ಷ ನಾನೂ ಇದೇ ರಾಗ ಹಾಡಿದವಳೇ. ಭಾನುವಾರ ಹಡ್ಸನ್ ಚರ್ಚಿನಲ್ಲಿ ಆರಾಧನೆ, ಸೋಮವಾರ ಹತ್ತೂವರೆಗೆ ಶಟರ್ ಎತ್ತುತ್ತಲೇ ಮೊದಲ ಸುಳ್ಳು.

ವಚನ ನಿಮಗೆಲ್ಲ ಗೊತ್ತಿರುವುದೇ, ಬೈಬಲಿನ ಮತ್ತಾಯ 5:37. ಹೌದಾದರೆ ಹೌದು, ಅಲ್ಲವಾದರೆ ಅಲ್ಲ. ಅದನ್ನು ಬಿಡಿಸಿ ಹೇಳುವುದು ಅಯ್ಯನವರ, ಅಂದರೆ ಚರ್ಚಿನ ಪಾದ್ರಿಗಳ ಕೆಲಸ. ನನ್ನ ಕಷ್ಟ ಬೇರೆ: ಗೌರಿ ಹಬ್ಬದ ವಾರದಲ್ಲಿ ಅದನ್ನು ಪಾಲಿಸುವುದು ಹೇಗೆ?

2023ರ ಬೂದಿ ಬುಧವಾರ, ಫೆಬ್ರವರಿ 22. ಈಸ್ಟರ್‌ಗೆ ಮುಂಚಿನ ಉಪವಾಸ ಕಾಲ ಶುರುವಾಗುವ ದಿನ. ಎಲ್ಲರೂ ಮಾಂಸ ಬಿಟ್ಟರು. ನಾನು ಸುಳ್ಳು ತಾರೀಕು ಬಿಡ್ತೀನಿ ಅಂದೆ. ನಮ್ಮ ಯಜಮಾನರು "ಮಾಂಸವೇ ಬಿಡು ಮಾರಾಯ್ತಿ, ಅಗ್ಗ" ಅಂದರು. ಸ್ತ್ರೀಯರ ಕೂಟದಲ್ಲಿ ಒಬ್ಬರು, ಅವರದೂ ಅಂಗಡಿ ಇದೆ, "ಭಕ್ತಿ ಬೇರೆ, ವ್ಯಾಪಾರ ಬೇರೆ" ಅಂತ ಬುದ್ಧಿ ಹೇಳಿದರು. ಎದುರಿನ ಅಂಗಡಿಯ ಟೈಲರ್ ಅಂತೂ ನನ್ನ ಅಂಗಡಿ ಮುಚ್ಚೋಕೆ ಮೂರು ತಿಂಗಳು ಗಡುವು ಕೊಟ್ಟ.

ಅವನು ಹೇಳಿದ್ದು ನಿಜವಾಗುವ ಹಾಗೇ ಇತ್ತು. ಬಂದವರಿಗೆಲ್ಲ "ಹದಿನೆಂಟು ದಿನ ಆಗತ್ತೆ" ಅಂತ ಇದ್ದದ್ದು ಇದ್ದ ಹಾಗೆ ಹೇಳಿದೆ. ಪಕ್ಕದಲ್ಲಿ ನಾಲ್ಕು ದಿನ ಅನ್ನುತ್ತಿದ್ದರೆ ನನ್ನ ಹತ್ತಿರ ಯಾರು ಬಟ್ಟೆ ಬಿಡ್ತಾರೆ? ಅರವತ್ತು ಸಾವಿರದ ಆಸುಪಾಸು ಬರುತ್ತಿದ್ದ ಹೊಲಿಗೆ ದುಡ್ಡು ಮಾರ್ಚಿನಲ್ಲಿ ಮೂವತ್ತೆಂಟಕ್ಕೆ ಇಳಿಯಿತು. ಅದರಲ್ಲಿ ಬಾಡಿಗೆ ಹನ್ನೆರಡು, ಬಟ್ಟೆ ಕತ್ತರಿಸುವ ಮಾಸ್ಟರ್‌ಗೆ, ಹೊಲಿಯುವ ಕಾರೀಗರ್‌ಗೆ ಪೀಸಿನ ಲೆಕ್ಕ. ನನಗೆ ಉಳಿದದ್ದು ದಾರದ ಉಂಡೆ.

ಸುಳ್ಳು ಮತ್ತೆ ಬಾಯಿಗೆ ಬಂತು. ಆಮೇಲೆ ದಂಡ ಹಾಕಿಕೊಂಡೆ. ಒಂದು ಸುಳ್ಳಿಗೆ ಹತ್ತು ರೂಪಾಯಿ, ಕಾಣಿಕೆ ಡಬ್ಬಿಗೆ. ಮಾರ್ಕಿಂಗ್ ಚಾಕ್‌ನಲ್ಲಿ ಮೇಜಿನ ಅಂಚಿಗೆ ಗೀಟು ಎಳೆಯುತ್ತಿದ್ದೆ. ಮೊದಲ ದಿನವೇ ಹನ್ನೊಂದು. ಬಹುಪಾಲು ಫೋನಿನಲ್ಲಿ ಹೇಳಿದವು. ವಾರ ಕಳೆಯುವುದರೊಳಗೆ ಡಬ್ಬಿಯಲ್ಲಿ ನಾಲ್ಕು ನೂರರ ಮೇಲೆ ಸೇರಿತ್ತು, ನನಗೋ ಯಾವ ನೋವೂ ಇಲ್ಲ. ಹತ್ತು ರೂಪಾಯಿ ಎತ್ತಿಟ್ಟು ನಿರಾಳವಾಗಿ "ನಾಳೆ ಬನ್ನಿ" ಅನ್ನುವುದು, ಸುಳ್ಳಿಗೆ ಜಿಎಸ್‌ಟಿ ಕಟ್ಟಿದ ಹಾಗೆ. ನಿಲ್ಲಿಸಿಬಿಟ್ಟೆ.

ನಾನು ಸುಳ್ಳಿ ಅನ್ನುವುದಕ್ಕಿಂತ ಲೆಕ್ಕ ಬಾರದವಳು ಅಂತ ತಿಳಿದದ್ದು ಏಪ್ರಿಲ್‌ನಲ್ಲಿ, ಈಸ್ಟರ್ ಮುಗಿದ ಮೇಲೆ. ಗಡಿಯಾರ ಇಟ್ಟುಕೊಂಡು ಎರಡು ವಾರ ನೋಡಿದೆ. ನಮ್ಮ ಮೂರು ಮಿಷನ್ನಿಗೆ ದಿನಕ್ಕೆ ಲೈನಿಂಗ್ ಬ್ಲೌಸ್ ಐದು, ಎಳೆದಾಡಿದರೆ ಆರು. ಪ್ರಿನ್ಸಸ್ ಕಟ್ ಬಂದರೆ ಅದೂ ಇಲ್ಲ. ನಾನು ತೆಗೆದುಕೊಳ್ಳುತ್ತಿದ್ದದ್ದು ಎಂಟು! ಆಸೆಗೆ ಎಂಟು ತೆಗೆದುಕೊಂಡವಳು ಸಂಜೆ ಸುಳ್ಳು ಹೇಳದೆ ಇನ್ನೇನು ಮಾಡ್ತಾಳೆ? ಒಂದು ಲಾಂಗ್ ನೋಟ್‌ಬುಕ್ ತಂದು ದಿನಕ್ಕೊಂದು ಪುಟ, ಪುಟಕ್ಕೆ ಐದೇ ಗೆರೆ ಹಾಕಿದೆ. ಗಿರಾಕಿಯೇ ಖಾಲಿ ಗೆರೆ ಹುಡುಕಿ ಹೆಸರು ಬರೆಯಬೇಕು, ಅರ್ಧ ದುಡ್ಡು ಆಗಲೇ ಕೊಡಬೇಕು. ತನ್ನ ಕೈಯಲ್ಲೇ ಬರೆದ ತಾರೀಕಿಗೆ ಜನ ಜಗಳ ಆಡಲ್ಲ. ಕೆಟ್ಟ ದಿನಕ್ಕೆ ಅಂತ ವಾರಕ್ಕೆ ಎಷ್ಟು ಗೆರೆ ಖಾಲಿ ಬಿಡ್ತೀನಿ, ಯಾವ ದಿನದ್ದು ಅನ್ನುವುದನ್ನು ಮಾತ್ರ ಹೇಳಲ್ಲ. ಅದು ಎರಡು ಹಬ್ಬ ಸುಟ್ಟುಕೊಂಡು ಕಲಿತದ್ದು.

ಸುಟ್ಟ ಮೊದಲ ಹಬ್ಬ ಅದೇ ಆಗಸ್ಟಿನದು. 25ಕ್ಕೆ ವರಮಹಾಲಕ್ಷ್ಮಿ. 29ಕ್ಕೆ ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದಲ್ಲಿ ಮೇರಿ ಹಬ್ಬದ ಧ್ವಜಾರೋಹಣ. ಅಲ್ಲಿಂದ ಸೆಪ್ಟೆಂಬರ್ 8ರವರೆಗೆ ಹರಕೆಯವರಿಗೆಲ್ಲ ಕಾವಿ ಸೀರೆ, ಕಾವಿ ಬ್ಲೌಸ್. ಪುಟಗಳೆಲ್ಲ ತುಂಬಿದ್ದವು. ಆಗ ಮಾಸ್ಟರ್‌ಗೆ ಡೆಂಗಿ. ಕತ್ತರಿ ಹಿಡಿಯುವವನೇ ಮಲಗಿದರೆ ಮಿಷನ್ ತುಳಿದು ಏನು ಮಾಡೋದು? ಹತ್ತೊಂಬತ್ತು ಬ್ಲೌಸ್ ಆಗಲ್ಲ ಅಂತ ಲೆಕ್ಕ ಹೇಳಿತು. ಮೊದಲಾಗಿದ್ದರೆ ಕೊನೆ ದಿನದವರೆಗೂ ಹುಕ್ಕಿನ ಕತೆ ಹೇಳುತ್ತಿದ್ದೆ. ಈ ಸಲ ಜ್ವರದ ರಿಪೋರ್ಟ್ ಬಂದ ಸಂಜೆಯೇ ಹತ್ತೊಂಬತ್ತು ಫೋನು ಮಾಡಿದೆ. ಕೈ ನಡುಗುತ್ತಿತ್ತು. ಹನ್ನೊಂದು ಜನ ಬಟ್ಟೆ, ಅಡ್ವಾನ್ಸ್ ಎರಡೂ ವಾಪಸ್ ಒಯ್ದರು. ಐದನ್ನು ನನ್ನ ಕೈಯಿಂದ ಹೆಚ್ಚು ಕೊಟ್ಟು ಬೇರೆ ಕಡೆ ಹೊಲಿಸಿದೆ. ಮೂವರು ಕಾದರು. ಕಳಕೊಂಡದ್ದು ಎಂಟೊಂಬತ್ತು ಸಾವಿರ ಇರಬೇಕು. ಹೋದ ಹನ್ನೊಂದರಲ್ಲಿ ಏಳು ಜನ ಕ್ರಿಸ್‌ಮಸ್ ಹೊತ್ತಿಗೆ ತಿರುಗಿ ಬಂದರು, ಒಬ್ಬಾಕೆ ನಾದಿನಿಯನ್ನೂ ಕರೆದುಕೊಂಡು.

ನಡುವೆ ಬೇರೆ ಪ್ರಯೋಗಗಳೂ ನಡೆದವು. ದಶಮಾಂಶವನ್ನು, ಅಂದರೆ ದೇವರಿಗೆ ಕೊಡುವ ಹತ್ತರಲ್ಲೊಂದು ಪಾಲನ್ನು, ಲಾಭದ ಮೇಲಲ್ಲ, ಬಂದ ಒಟ್ಟು ದುಡ್ಡಿನ ಮೇಲೆ ಕೊಡೋಣ ಅಂತ ಹೋಗಿ ಆ ತಿಂಗಳು ಬಾಡಿಗೆಗೆ ಒಡವೆ ಅಡ ಇಟ್ಟೆ. ಈಗ ಖರ್ಚು ಕಳೆದ ಮೇಲೆ ಕೊಡೋದು, ಆದರೆ ತಪ್ಪಿಸಲ್ಲ.

ಮಿಕ್ಕ ಬಟ್ಟೆಯದು ಇನ್ನೂ ಮಜಾ. ನಮ್ಮಲ್ಲಿ ಉಳಿದ ತುಂಡು ಟೈಲರ್‌ದು ಅಂತ ಯಾರೂ ಬರೆಯದ ಕಾನೂನು. ನಾನು ತುಂಡನ್ನೆಲ್ಲ ಸುತ್ತಿ ಬ್ಲೌಸ್ ಜೊತೆಗೇ ಕೊಡಲು ಶುರು ಮಾಡಿದೆ. ಹಳೇ ಗಿರಾಕಿಯೊಬ್ಬರು ಮೈಸೂರು ಸಿಲ್ಕಿನ ಗೇಣುದ್ದ ತುಂಡನ್ನು ಕೈಯಲ್ಲಿ ಹಿಡಿದು, ಬೆಳಕಿಗೆ ಒಡ್ಡಿ, "ಹಾಗಾದ್ರೆ ಇಷ್ಟು ವರ್ಷದ್ದು ಎಲ್ಲಿ?" ಅಂದರು. ಬೈಬಲಿನ ಸುಂಕದವನು ಜಕ್ಕಾಯ ಮೋಸದಿಂದ ತಗೊಂಡದ್ದನ್ನು ನಾಲ್ಕರಷ್ಟು ಹಿಂದಿರುಗಿಸ್ತೀನಿ ಅಂದಿದ್ದ. ನನ್ನ ಹತ್ತಿರ ಇದ್ದದ್ದು ಆ ತುಂಡುಗಳ ದಿಂಬಿನ ಕವರ್. ಅವರಿಗೆ ಮೂರು ಬ್ಲೌಸ್ ಪುಕ್ಕಟೆ ಹೊಲಿದುಕೊಟ್ಟೆ.

ಈಗ ಬ್ಲೌಸಿಗೆ ನಾನೂರೈವತ್ತರಿಂದ ಆರು ನೂರು ಮಾಡಿದ್ದೇನೆ, ತಿಂಗಳಿಗೆ ಎಪ್ಪತ್ತು ಎಪ್ಪತ್ತೈದು ಸಾವಿರದವರೆಗೆ ಬರುತ್ತೆ, ಅದೂ ಭಾನುವಾರ ಬಾಗಿಲು ಹಾಕಿ. ಗಡುವು ಕೊಟ್ಟ ಎದುರಿನವನು ಹೋದ ತಿಂಗಳು ಬಂದು ನೋಟ್‌ಬುಕ್ಕಿನ ಫೋಟೋ ತೆಗೆದುಕೊಂಡು ಹೋದ.

ಕಳೆದ ಡಿಸೆಂಬರಿನ ಪುಟಗಳು ಒಂಬತ್ತಕ್ಕೇ ತುಂಬಿದವು. ಹನ್ನೆರಡಕ್ಕೆ ಅಮ್ಮನವರು, ಅಂದರೆ ಅಯ್ಯನವರ ಹೆಂಡತಿ, ಸೀರೆ ತಗೊಂಡು ಬಂದರು. ಖಾಲಿ ಬಿಟ್ಟ ಗೆರೆ ಒಂದಿತ್ತು, ಆದರೆ ಅದು ಜ್ವರಕ್ಕೆ ಮೀಸಲು. ಪುಸ್ತಕ ತಿರುಗಿಸಿ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ಪುಟ ತಿರುವಿ, ಜನವರಿ ಮೂರರ ಎರಡನೇ ಗೆರೆಯಲ್ಲಿ ಹೆಸರು ಬರೆದು ಹೋದರು.