ಬಸ್ಸು ಹತ್ತುವ ಮೊದಲು ಹೇಳುವ ಮಾತು

ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100 ಕಿಲೋಮೀಟರ್. ಮುಂಡಗೋಡ ಮೇಲೆ ಹೋಗುವ ಬಸ್ಸಿನಲ್ಲಿ ಹತ್ತಿರ ಹತ್ತಿರ ಮೂರು ತಾಸು. ಬೇರೆಯವರು ಆ ದಾರಿಯಲ್ಲಿ ನಿದ್ದೆ ಮಾಡುತ್ತಾರೆ. ನಾನು ಮುಂದಿನ ಬಸ್‌ಸ್ಟ್ಯಾಂಡ್ ಎಷ್ಟು ದೂರ ಅಂತ ಎಣಿಸುತ್ತಿದ್ದೆ. ಡಾಕ್ಟರ ಹತ್ತಿರ ಹೋಗುವ ಹಿಂದಿನ ರಾತ್ರಿಯೇ ಊಟ ಬಿಡುತ್ತಿದ್ದೆ, ನೀರೂ ಕುಡಿಯುತ್ತಿರಲಿಲ್ಲ. ಹುಬ್ಬಳ್ಳಿ ಮುಟ್ಟುವಾಗ ತಲೆ ಸುತ್ತುತ್ತಿತ್ತು.

ಒಂದು ದಿನ ಬಸ್ಸು ಹತ್ತುವಾಗಲೇ ಕಂಡಕ್ಟರಿಗೆ ಹೇಳಿಬಿಟ್ಟೆ. "ಸರ್, ನಂಗೆ ಕರುಳಿನ ಕಾಯಿಲೆ ಇದೆ. ಅರ್ಜೆಂಟ್ ಆದ್ರೆ ತಡೆಯೋಕೆ ಆಗಲ್ಲ. ಕೇಳಿದಾಗ ಸ್ವಲ್ಪ ನಿಲ್ಲಿಸ್ತೀರಾ?" ಅವರು ಏನೂ ಕೇಳಲಿಲ್ಲ. "ಮುಂದಿನ ಸೀಟಲ್ಲಿ ಕೂತ್ಕೊಳ್ಳಿ, ಕೈ ಮಾಡಿದ್ರೆ ಸಾಕು" ಅಂದರು. ಆ ದಿನ ಬಸ್ಸು ನಿಲ್ಲಿಸಬೇಕಾಗಿ ಬರಲೇ ಇಲ್ಲ.

ನನ್ನದು ಕ್ರೋನ್ಸ್ ಅನ್ನುವ, ಕರುಳಲ್ಲಿ ಹುಣ್ಣಾಗುವ ಕಾಯಿಲೆ. ಅದರಲ್ಲಿ ನನಗೆ ಗುಳಿಗೆಗಿಂತ ಕಷ್ಟವಾಗಿದ್ದು ಇದೇ. ಹೊಟ್ಟೆಯ ವಿಷಯ, ಸಂಡಾಸದ ವಿಷಯ ಬಾಯಿಬಿಟ್ಟು ಹೇಳುವುದು.

ಶುರುವಾದಾಗ ನನಗೆ 22 ವರ್ಷ. ಅಡಿಕೆ ವಖಾರಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಆಗಷ್ಟೇ ಸೇರಿದ್ದೆ. ದಿನಕ್ಕೆ ಏಳೆಂಟು ಸಲ ಭೇದಿ, ಬಲಗಡೆ ಕೆಳಹೊಟ್ಟೆಯಲ್ಲಿ ನೋವು, ಸಂಜೆಗೆ ಸಣ್ಣ ಜ್ವರ. ಆರು ತಿಂಗಳಲ್ಲಿ 9 ಕೆಜಿ ಇಳಿದೆ. ಆಯಿ ದಾಳಿಂಬೆ ಸಿಪ್ಪೆಯ ತಂಬುಳಿ ಮಾಡಿ ಮಾಡಿ ಬಡಿಸಿದಳು. ಗ್ಯಾಸಿಗೆ, ಹುಳಕ್ಕೆ, ಅಮೀಬಾಕ್ಕೆ ಅಂತ ಗುಳಿಗೆ ನುಂಗಿದ್ದಾಯಿತು. ಕೊನೆಗೆ ಹುಬ್ಬಳ್ಳಿಯಲ್ಲಿ ಕೊಲೊನೊಸ್ಕೋಪಿ ಮಾಡಿದರು, ಅಂದರೆ ಕ್ಯಾಮೆರಾ ಇರುವ ಕೊಳವೆ ಹಾಕಿ ಕರುಳು ನೋಡಿದರು. ಸಣ್ಣ ಕರುಳಿನ ತುದಿಯಲ್ಲಿ ಹುಣ್ಣುಗಳಿದ್ದವು.

ಆದರೂ ಹೆಸರು ಕೂಡಲೇ ಸಿಗಲಿಲ್ಲ. ಮೊದಲು ಟಿಬಿ ಔಷಧಿ ಕೊಟ್ಟರು. ಮೂರು ತಿಂಗಳು ತಿಂದರೂ ಹುಣ್ಣು ಹಾಗೇ ಇತ್ತು. ಆಗ ನನಗೆ ತುಂಬಾ ಸಿಟ್ಟಿತ್ತು, ಸುಮ್ನೆ ಸಮಯ ಹಾಳಾಯಿತು ಅಂತ. ಆಮೇಲೆ ಡಾಕ್ಟರು ಕೂರಿಸಿ ತಿಳಿಸಿದರು. ಕರುಳಿನ ಟಿಬಿ ಮತ್ತು ಕ್ರೋನ್ಸ್ ಸ್ಕೋಪಿನಲ್ಲಿ ಒಂದೇ ಥರ ಕಾಣುತ್ತವೆ. ಕರುಳಿನ ಚೂರು ತೆಗೆದು ನೋಡುವ ಬಯಾಪ್ಸಿಯಲ್ಲೂ ಎಷ್ಟೋ ಸಲ ಬೇರೆ ಮಾಡುವುದು ಕಷ್ಟ. ನಮ್ಮ ದೇಶದಲ್ಲಿ ಟಿಬಿ ಜಾಸ್ತಿ. ಟಿಬಿ ಇದ್ದವರಿಗೆ ತಿಳಿಯದೆ ಕ್ರೋನ್ಸ್‌ಗೆ ಕೊಡುವ ಸ್ಟೀರಾಯ್ಡ್ ಕೊಟ್ಟರೆ ಅದು ಉಲ್ಬಣಿಸುತ್ತದೆ. ಇದನ್ನು ಮೊದಲ ದಿನವೇ ಹೇಳಿದ್ದರೆ ಆ ಮೂರು ತಿಂಗಳು ಅಷ್ಟು ಕುದಿಯುತ್ತಿರಲಿಲ್ಲ. ಈಗ ನಾನೇ ಕೇಳುತ್ತೇನೆ: ಈ ಗುಳಿಗೆ ಯಾಕೆ, ಎಷ್ಟು ದಿನ, ಕೆಲಸ ಮಾಡುತ್ತಿದೆ ಅಂತ ಗೊತ್ತಾಗುವುದು ಹೇಗೆ?

ಕೊನೆಗೆ ಕ್ರೋನ್ಸ್‌ಗೆ ಔಷಧಿ ಶುರುವಾಯಿತು. ಸ್ಟೀರಾಯ್ಡ್ ದಿನಕ್ಕೆ 40 ಮಿಲಿಗ್ರಾಮಿನಿಂದ ಶುರುವಾಗಿ ವಾರಕ್ಕೆ 5ರಂತೆ ಇಳಿಯಿತು. ಮುಖ ಊದಿತು, ನಿದ್ದೆ ಹೋಯಿತು. ಊರಲ್ಲಿ ಎಲ್ಲರೂ "ಈಗ ಮೈಕೈ ತುಂಬ್ಕೊಂಡಿದ್ದೀಯ" ಅಂತ ಖುಷಿಪಟ್ಟರು. ಗುಣವಾಯಿತಲ್ಲ ಅಂತ ನಾನೇ ಬಿಟ್ಟುಬಿಡಲು ಹೊರಟಿದ್ದೆ. ಆ ಗುಳಿಗೆ ಒಮ್ಮೆಲೇ ಬಿಡಬಾರದು, ಅಪಾಯ. ಜೊತೆಗೆ ಕೊಟ್ಟ ಅಜಾಥಿಯೋಪ್ರಿನ್ ಅನ್ನುವ ಗುಳಿಗೆ ನಿಧಾನದ್ದು, ಅದರ ಗುಣ ಕಾಣಲು ಎರಡು ಮೂರು ತಿಂಗಳು ಬೇಕು. ರಕ್ತಕಣ ಮತ್ತು ಲಿವರ್ ನೋಡಲು ಆಗಾಗ ರಕ್ತ ಪರೀಕ್ಷೆಯೂ ಆಗಬೇಕು. ಬೆನ್ನುನೋವಿಗೆ ಅಂಗಡಿಯಿಂದ ಡೈಕ್ಲೊಫೆನಾಕ್ ತಂದು ನುಂಗುವ ಅಭ್ಯಾಸವನ್ನೂ ಬಿಟ್ಟೆ. ಅಂಥ ನೋವಿನ ಗುಳಿಗೆಗಳು ಈ ಕಾಯಿಲೆಯನ್ನು ಕೆರಳಿಸಬಹುದು.

ಎರಡನೇ ವರ್ಷ ನೋವು ತಿರುಗಿ ಬಂತು. ಈ ಕಾಯಿಲೆಯನ್ನು ಹತೋಟಿಯಲ್ಲಿಡುವ ಅಡಲಿಮುಮ್ಯಾಬ್ ಅನ್ನುವ ಇಂಜೆಕ್ಷನ್ ಶುರುವಾಯಿತು. ಹದಿನೈದು ದಿನಕ್ಕೊಮ್ಮೆ, ಹೊಟ್ಟೆಯ ಚರ್ಮಕ್ಕೆ ನಾನೇ ಚುಚ್ಚಿಕೊಳ್ಳುತ್ತೇನೆ. ಅದನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಹೆಪ್ಪುಗಟ್ಟಲೂ ಬಾರದು. ನಮ್ಮ ಮಳೆಗಾಲ ಗೊತ್ತಲ್ವಾ? ತೋಟದ ದಾರಿಯಲ್ಲಿ ಒಂದು ಮರ ಬಿದ್ದರೆ ಮೂರು ದಿನ ಕರೆಂಟಿಲ್ಲ. ಮೊದಲ ಜೂನ್‌ನಲ್ಲಿ ರಾತ್ರಿಯಿಡೀ ಎದ್ದೆದ್ದು ಫ್ರಿಜ್ ಮುಟ್ಟಿ ನೋಡಿದ್ದೇನೆ. ಅಷ್ಟು ದುಬಾರಿ ಔಷಧಿ, ಅದೂ ಅಪ್ಪಯ್ಯ ಅಡಿಕೆ ಮಾರಿದ ದುಡ್ಡು. ಆಮೇಲೆ ಪೇಟೆಯ ಮೆಡಿಕಲ್ ಶಾಪಿನವರನ್ನು ಕೇಳಿದೆ. ಅವರ ಫ್ರಿಜ್ಜಿಗೆ ಬ್ಯಾಟರಿ ಇದೆ. ನನ್ನ ಡಬ್ಬಿ ಅಲ್ಲೇ ಇರುತ್ತದೆ. ಚುಚ್ಚಿಕೊಳ್ಳುವ ದಿನ ಕೆಲಸ ಮುಗಿಸಿ ಒಂದನ್ನು ತರುತ್ತೇನೆ. ಐಸ್‌ಪ್ಯಾಕಿಗೆ ನೇರ ತಾಗದಂತೆ ಪಂಚೆ ತುಂಡಿನಲ್ಲಿ ಸುತ್ತಿ, ಟಿಫಿನ್ ಬ್ಯಾಗಿನಲ್ಲಿ.

ಕಾಯಿಲೆಯ ಹೆಸರು ಹೇಳಿದರೆ ಎಷ್ಟೋ ಜನ "ಕೊರೊನಾನಾ?" ಅಂತ ಹಿಂದೆ ಸರಿದರು. ಒಂದು ಮನೆಯಲ್ಲಿ ನನಗೆ ಬೇರೆ ಲೋಟ ಕೊಟ್ಟಾಗ ಅಳು ಬಂದಿತ್ತು. ಈಗ ಹೆಸರು ಹೇಳುವುದಿಲ್ಲ. "ಕರುಳಲ್ಲಿ ಹುಣ್ಣಾಗುವ ಕಾಯಿಲೆ, ಒಬ್ಬರಿಂದ ಒಬ್ಬರಿಗೆ ಅಂಟಲ್ಲ, ಔಷಧಿ ಯಾವಾಗ್ಲೂ ಬೇಕು" ಅನ್ನುತ್ತೇನೆ. ಅಷ್ಟು ಸಾಕಾಗುತ್ತದೆ.

ಊಟದ ವಿಷಯಕ್ಕೆ ಒಂದು 200 ಪುಟದ ಪಟ್ಟಿ, ಅಂದರೆ ನೋಟ್‌ಬುಕ್, ಇಟ್ಟೆ. ತಿಂದದ್ದು, ಎಷ್ಟು ಸಲ ಹೋದದ್ದು, ರಕ್ತ ಇತ್ತೋ ಇಲ್ಲವೋ, ನಿದ್ದೆ. ವಖಾರಿ ಲೆಕ್ಕದ ಹಾಗೆಯೇ ದಿನಾ ಬರೆದೆ. ನಾಲ್ಕು ತಿಂಗಳಿಗೆ ಚಿತ್ರ ತಿಳಿಯಾಯಿತು. ನನಗೆ ಖಾರಕ್ಕಿಂತ ನಾರು ಕಷ್ಟ: ಹಲಸಿನ ತೊಳೆ, ಅನಾನಸ್, ಹಸಿ ಕೋಸಂಬರಿ. ಕಾಯಿಲೆ ಜೋರಿದ್ದಾಗ ಗಂಜಿ, ತುಪ್ಪ, ಬಾಳೆಹಣ್ಣು ಆಗುತ್ತದೆ. ಒಂದೆಲಗವನ್ನು ನುಣ್ಣಗೆ ಬೀಸಿ ಸೋಸಿದ ತಂಬುಳಿಯೂ ಆಗುತ್ತದೆ. ಇನ್ನೊಬ್ಬರ ಪಟ್ಟಿ ಹೀಗೇ ಇರಬೇಕೆಂದಿಲ್ಲ. ಎಲ್ಲರಿಗೂ ಹೊಂದುವ ಒಂದು ಪಥ್ಯ ಈ ಕಾಯಿಲೆಗೆ ಇಲ್ಲ. ಅಡಿಕೆ ಮಾರಾಟದ ಟೆಂಡರ್ ಜೋರಿರುವ ವಾರ ಮಧ್ಯಾಹ್ನ ಉಣ್ಣದೆ ಕೂತರೆ ಹೊಟ್ಟೆ ಕೆಡುತ್ತಿತ್ತು. ಅದೂ ಪಟ್ಟಿಯಲ್ಲೇ ಸಿಕ್ಕಿತು. ಅದನ್ನು ತೋರಿಸಿಯೇ ವಖಾರಿ ಮಾಲೀಕರ ಹತ್ತಿರ ಮಾತಾಡಿದೆ. ನನ್ನ ಮೇಜನ್ನು ಹಿಂಬಾಗಿಲ ಹತ್ತಿರ ಹಾಕಿಸಿದರು, ಸಂಡಾಸಕ್ಕೆ ಹತ್ತು ಹೆಜ್ಜೆ. ನಾನು ಎದ್ದು ಹೋದರೆ ಯಾರೂ ತಿರುಗಿ ನೋಡುವುದಿಲ್ಲ.

ಪಂಕ್ತಿಯ ಊಟ ಮಾತ್ರ ಬಹಳ ದಿನ ಕಷ್ಟವಾಯಿತು. ನಮ್ಮಲ್ಲಿ ಒತ್ತಾಯ ಮಾಡಿ ಬಡಿಸುವುದೇ ಪ್ರೀತಿ. ಬೇಡ ಅಂದರೆ ಬೇಜಾರು. ಎರಡು ವರ್ಷ ನಾನು ಉಪನಯನ, ಮದುವೆಗಳನ್ನೇ ತಪ್ಪಿಸಿದೆ. ಕಳೆದ ಬೇಸಿಗೆಯಲ್ಲಿ ಅತ್ತೆಯ ಮಗನ ಉಪನಯನ. ಹಿಂದಿನ ದಿನವೇ ಅತ್ತೆಗೆ ಫೋನ್ ಮಾಡಿ ಎಲ್ಲ ಹೇಳಿದೆ, ಏನಾಗುತ್ತದೆ, ಏನಾಗುವುದಿಲ್ಲ ಅಂತ. ಊಟಕ್ಕೆ ಕೂತಾಗ ಹೋಳಿಗೆ ಬಡಿಸುವ ಮಾವ ನನ್ನ ಎಲೆಯ ಮುಂದೆ ಬಗ್ಗಿ, ಮೆತ್ತಗೆ ಕೇಳಿದರು. "ತಮಾ, ನಿಂಗೆ ಅರ್ಧ ಅಲ್ದಾ?"

ಅರ್ಧ ಹೋಳಿಗೆ, ಮೇಲೆ ಎರಡು ಚಮಚ ತುಪ್ಪ. ನಿಧಾನವಾಗಿ ತಿಂದೆ. ಪಂಕ್ತಿ ಏಳುವವರೆಗೂ ಕೂತಿದ್ದೆ.