ಟೆಲಿಗ್ರಾಂ ಸೇರಿದರೂ ನಂಬರ್ ಹೊರಗೆ ಹೋಗದಂತೆ ಮಾಡಿದ್ದು

ನಮ್ಮ ಆನ್‌ಲೈನ್ ಕೋರ್ಸಿನ ಅಸೈನ್‌ಮೆಂಟು, ಡೌಟುಗಳೆಲ್ಲ ಟೆಲಿಗ್ರಾಂ ಗ್ರೂಪಿನಲ್ಲೇ. ಸೋಷಿಯಲ್ ಮೀಡಿಯಾನೇ ಒಲ್ಲೆ ಅನ್ನುತ್ತಿದ್ದ ನನಗೆ ಇದ್ದ ಅಡ್ಡಿ ಒಂದೇ: ಕಂಡವರ ಕೈಗೆ ನಂಬರ್ ಸಿಗಬಾರದು. ಕಲಬುರಗಿಯ ಹಾಸ್ಟೆಲ್‌ಗಳಲ್ಲಿ ಹುಡುಗಿಯರು ಕೇಳುವುದೂ ಇದನ್ನೇ.

ಆ್ಯಪ್ ಹಾಕುವಾಗ ಕಾಂಟ್ಯಾಕ್ಟ್ಸ್ ಅನುಮತಿ ಕೊಡಬೇಡಿ. ಆಮೇಲೆ ಸೆಟ್ಟಿಂಗ್ಸ್, ಪ್ರೈವೆಸಿ ಅಂಡ್ ಸೆಕ್ಯುರಿಟಿ, ಫೋನ್ ನಂಬರ್‌ಗೆ ಹೋಗಿ ‘ನೋಬಡಿ’ ಆರಿಸಿ. ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ, ಅದು ಸಾಲದು. ನೋಬಡಿ ಒತ್ತಿದ ಮೇಲೆ ಕೆಳಗೆ ಇನ್ನೊಂದು ಆಯ್ಕೆ ಬರುತ್ತದೆ: ನಂಬರ್‌ನಿಂದ ನಿಮ್ಮನ್ನು ಯಾರು ಹುಡುಕಬಹುದು ಎಂದು. ಅದು ‘ಎವ್ರಿಬಡಿ’ಯಲ್ಲೇ ಉಳಿದರೆ, ನಿಮ್ಮ ನಂಬರ್ ಸೇವ್ ಮಾಡಿಕೊಂಡ ಯಾರಿಗಾದರೂ ಅಕೌಂಟ್ ಸಿಕ್ಕಿಬಿಡುತ್ತದೆ. ‘ಮೈ ಕಾಂಟ್ಯಾಕ್ಟ್ಸ್’ ಮಾಡಿ.

ನಂಬರ್ ಸೋರುವ ಇನ್ನೊಂದು ಜಾಗ ಉಂಟು. ಸಹಪಾಠಿಯನ್ನು ಕಾಂಟ್ಯಾಕ್ಟ್‌ಗೆ ಸೇರಿಸುವಾಗ ‘ಶೇರ್ ಮೈ ಫೋನ್ ನಂಬರ್’ ಎಂದು ಟಿಕ್ ಇದ್ದರೆ ತೆಗೆಯಿರಿ. ಯಾರೂ ಗಮನಿಸದ ಟಿಕ್ ಅದು.

ಗುರುತಿಲ್ಲದವರು ಹೂಡಿಕೆಯ ಮೋಸದ ಗ್ರೂಪಿಗೆ ಎಳೆದು ಹಾಕದಂತೆ, ಗ್ರೂಪಿಗೆ ಸೇರಿಸುವ ಹಕ್ಕನ್ನೂ ಮೈ ಕಾಂಟ್ಯಾಕ್ಟ್ಸ್‌ಗೆ ಮಾತ್ರ ಬಿಡಿ. ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಗ್ರೂಪಿನ ವಿಡಿಯೋಗಳು ದಿನದ ಡೇಟಾ ನುಂಗುತ್ತವೆ. ಡೇಟಾ ಅಂಡ್ ಸ್ಟೋರೇಜ್‌ನಲ್ಲಿ ಮೊಬೈಲ್ ಡೇಟಾದ ಆಟೋ ಡೌನ್‌ಲೋಡ್ ಆಫ್ ಮಾಡಿ; ಬೇಕಾದ ಪಿಡಿಎಫ್ ಮೇಲೆ ಒತ್ತಿದರೆ ಅದೊಂದೇ ಇಳಿಯುತ್ತದೆ.