ಅಲಸಂದೆ ಬೀಜಕ್ಕೆ ರೈಜೋಬಿಯಂ ಹಚ್ಚುವುದು ಹೇಗೆ?

ಮಂಡ್ಯದ ನಾಲೆ ಬಯಲಿನಲ್ಲಿ ಭತ್ತ ಕೊಯ್ದ ಮೇಲೆ ಅಲಸಂದೆಯನ್ನೋ ಉದ್ದನ್ನೋ ಬಿತ್ತುವವರಲ್ಲಿ ಅನೇಕರು ರೈಜೋಬಿಯಂ ಪೊಟ್ಟಣವನ್ನು ತರುತ್ತಾರೆ. ಬಿತ್ತುವ ಮೊದಲೇ ಅದನ್ನು ಕೊಂದೂಬಿಡುತ್ತಾರೆ. ಹೋದ ಬೇಸಿಗೆಯಲ್ಲಿ ನಮ್ಮ ಪಕ್ಕದ ಹೊಲದವರು ಲೇಪಿಸಿದ ಬೀಜವನ್ನು ಬಿಸಿಲಿಗೆ ಹರಡಿ ಊಟಕ್ಕೆ ಹೋಗಿದ್ದರು. ಪೊಟ್ಟಣದಲ್ಲಿರುವುದು ಗೊಬ್ಬರವಲ್ಲ, ಜೀವಂತ ಬ್ಯಾಕ್ಟೀರಿಯಾ. ಬೇರುಗಂಟಿನೊಳಗೆ ಕುಳಿತು, ಗಿಡ ಕೊಡುವ ಸಕ್ಕರೆ ಅಂಶವನ್ನು ಉಂಡು, ಗಾಳಿಯಲ್ಲಿ ಶೇ 78ರಷ್ಟಿರುವ ಸಾರಜನಕವನ್ನು ಗಿಡಕ್ಕೆ ದಕ್ಕುವ ರೂಪಕ್ಕೆ ತರುವುದು ಅದರ ಕೆಲಸ. 1888ರಲ್ಲಿ ಡಚ್ ವಿಜ್ಞಾನಿ ಬೈಜರಿಂಕ್ ಇದನ್ನು ಗಂಟುಗಳಿಂದ ಬೇರ್ಪಡಿಸಿ ಬೆಳೆಸಿ ತೋರಿಸಿದರು.

ಮೊದಲು, ಪೊಟ್ಟಣದ ಮೇಲೆ ಬೆಳೆಯ ಹೆಸರು ಮತ್ತು ಅವಧಿ ಮುಗಿಯುವ ದಿನಾಂಕವನ್ನು ಓದಿರಿ. ಬೇರು ಸ್ರವಿಸುವ ರಾಸಾಯನಿಕ ಸಂಕೇತವನ್ನು ಗುರುತಿಸಿದ ಬ್ಯಾಕ್ಟೀರಿಯಾ ಮಾತ್ರ ಒಳಹೊಗುವುದರಿಂದ ಕಡಲೆಯದ್ದು ಅಲಸಂದೆಗೆ ಒಗ್ಗದು. ‘ಎಲ್ಲ ಬೆಳೆಗೂ ಒಂದೇ’ ಎಂದು ಮಾರುವುದನ್ನು ನಾನಂತೂ ಕೊಳ್ಳುವುದಿಲ್ಲ.

ಎರಡನೆಯದು ಅಂಟು. ಅರ್ಧ ಲೀಟರ್ ನೀರಿಗೆ 50 ಗ್ರಾಂ ಬೆಲ್ಲ ಹಾಕಿ ಕುದಿಸಿ, ಪೂರ್ತಿ ಆರಿಸಿರಿ. ಕುದಿಯುವ ಹಾಲಿಗೆ ಯಾರೂ ಹೆಪ್ಪು ಹಾಕುವುದಿಲ್ಲವಷ್ಟೆ. ಇಲ್ಲಿಯೂ ಹಾಗೆಯೇ, ಪಾತ್ರೆಯ ತಳವನ್ನು ಅಂಗೈಯಿಂದ ಮುಟ್ಟಿದಾಗ ತಣ್ಣಗೆನಿಸಬೇಕು. ಆಲೆಮನೆಯ ಕಪ್ಪು ಬೆಲ್ಲವೇ ಸಾಕು, ಬಿಳುಪಿಗೆಂದು ರಾಸಾಯನಿಕ ಹಾಕಿದ ಬೆಲ್ಲ ಬೇಡ.

ಕೆಡುವುದು ಹೆಚ್ಚಾಗಿ ಲೇಪನದಲ್ಲಿ. ಎಕರೆಗೆ ಬೇಕಾದ ಸುಮಾರು 10 ಕೆ.ಜಿ. ಬೀಜವನ್ನು ನೆರಳಿನಲ್ಲಿ ಗೋಣಿತಾಟಿನ ಮೇಲೆ ಹರಡಿ, ಪಾಕವನ್ನು ಒಮ್ಮೆಲೇ ಸುರಿಯದೆ ಕೈಯಿಂದ ಚಿಮುಕಿಸುತ್ತಾ, ಬೀಜದ ಮೈ ಮಿಂಚುವಷ್ಟು ಮಾತ್ರ ಒದ್ದೆ ಮಾಡಿರಿ. ಪಾಕ ಉಳಿದರೆ ಉಳಿಯಲಿ. ಬಳಿಕ 200 ಗ್ರಾಂ ಪುಡಿಯನ್ನು ಉದುರಿಸಿ, ತಾಟಿನ ಎರಡು ತುದಿ ಹಿಡಿದು ಬೀಜವನ್ನು ಅತ್ತಿತ್ತ ಹೊರಳಿಸಿರಿ. ಗಟ್ಟಿಯಾಗಿ ಉಜ್ಜಿದರೆ ಸಿಪ್ಪೆ ಕಳಚುತ್ತದೆ, ನೆಲಗಡಲೆಯಲ್ಲಂತೂ ಖಂಡಿತ. ಪ್ರತಿ ಬೀಜಕ್ಕೂ ತೆಳುವಾದ ಕಪ್ಪು ಪದರ ಹಿಡಿದು, ಬೀಜಗಳು ಮುದ್ದೆಗಟ್ಟದೆ ಬಿಡಿಬಿಡಿಯಾಗಿರುವುದೇ ಸರಿಯಾದ ಹದ. ಹೊಂಗೆಯ ನೆರಳಿನಲ್ಲಿ ಅರ್ಧ ಗಂಟೆ ಆರಿಸಿರಿ. ಶಿಲೀಂಧ್ರನಾಶಕವನ್ನೂ ಹಚ್ಚುವುದಿದ್ದರೆ ಅದು ಮೊದಲು, ರೈಜೋಬಿಯಂ ಕೊನೆಗೆ. ಒಣ ಬೀಜಕ್ಕೆ ಪುಡಿ ಎರಚುವ ಸುಲಭೋಪಾಯದಲ್ಲಿ ಅರ್ಧ ಪುಡಿ ಚೀಲದ ತಳದಲ್ಲೇ ಉಳಿಯುತ್ತದೆ. ಯೂರಿಯಾದೊಂದಿಗೆ ಬೆರೆಸುವುದು ಅದಕ್ಕಿಂತ ಕೆಟ್ಟದ್ದು.

ಅದೇ ದಿನ, ಹಸಿ ಇರುವ ಮಣ್ಣಿಗೆ ಬಿತ್ತಿರಿ.

ತಿಂಗಳು ಕಳೆದ ಮೇಲೆ ಎರಡು ಮೂರು ಗಿಡಗಳನ್ನು ಪರೀಕ್ಷಿಸಿರಿ. ಕಿತ್ತರೆ ಗಂಟುಗಳು ಮಣ್ಣಿನಲ್ಲೇ ಉಳಿಯುವುದರಿಂದ ಗುದ್ದಲಿಯಿಂದ ಹೆಂಟೆ ಸಮೇತ ಎತ್ತಿ, ಬಕೆಟ್ ನೀರಿನಲ್ಲಿ ಅದ್ದಿ ಮಣ್ಣು ಬಿಡಿಸಬೇಕು. ಗಂಟನ್ನು ಉಗುರಿನಿಂದ ಸೀಳಿದಾಗ ಒಳಗೆ ಕೆಂಪು ಕಂಡರೆ ಕೆಲಸ ನಡೆದಿದೆ ಎಂದರ್ಥ. ಆ ಬಣ್ಣ, ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ಬಂಧುವಾದ ಲೆಗ್‌ಹಿಮೋಗ್ಲೋಬಿನ್‌ನದು. ಒಳಗೆ ಬಿಳುಪಾಗಿದ್ದರೆ ಸಾರಜನಕ ಸಿಗುತ್ತಿಲ್ಲ. ಗಂಟು ಬೆರಳಿನಿಂದ ತಿಕ್ಕಿದರೂ ಬಿಡದೆ, ಬೇರೇ ಊದಿಕೊಂಡಂತಿದ್ದರೆ ಅದು ಬೇರನ್ನು ಹೊಕ್ಕು ಕಾಡುವ ಸೂಕ್ಷ್ಮ ಜಂತುಹುಳುವಿನ (ನೆಮಟೋಡ್) ಬಾಧೆ. ಕಾಯಿ ಬಲಿಯುವ ಹೊತ್ತಿಗೆ ಗಂಟುಗಳು ತಾವಾಗಿಯೇ ಹಸಿರಾಗಿ ಕೊಳೆಯುವುದರಿಂದ, ಆಗ ಅಗೆದು ನೋಡಿ ಪೊಟ್ಟಣವನ್ನು ದೂರಬೇಡಿ.